ಕೊನೆಯ ಸುರುಳಿಯ ಮುಖ

ಮಿಸ್ರಿಯಾ ಖಾಲಿ ಗೂಡಿನೊಳಗೆ ಅರ್ಧ ತಲೆ ತೂರಿಸಿ ಗಟ್ಟಿಯಾಗಿ ಮೂಸಿದಳು.

“ಡಾಕ್ಟ್ರೇ, ಸ್ವಲ್ಪ ಇಲ್ಲಿ ಬನ್ನಿ. ಇದು ಎಂತದರ ಪರಿಮಳ ಹೇಳಿ?”

ನಾನೂ ಬಗ್ಗಿದೆ. ಬೆನ್ನುನೋವಿನವಳು ಬಗ್ಗುವುದೆಂದರೆ ಅದೇ ಒಂದು ಸಾಹಸ. ಆಳೆತ್ತರದ ತಣ್ಣನೆಯ ಕಪಾಟು, ಅದರಲ್ಲಿ ಆರು ಗೂಡು. ಐದರಲ್ಲಿ ದೋಸೆ ಹಂಚಿನಷ್ಟು ಅಗಲದ ತಗಡಿನ ಡಬ್ಬಿಗಳು. ಆರನೆಯದು ಖಾಲಿ. ಆ ಖಾಲಿ ಜಾಗದಿಂದ ನನ್ನ ಮೈಸೂರಿನ ಮನೆಯ ಮಂಗಳಾರತಿ ಬಂದು ಮೂಗಿಗೆ ಬಡಿಯಿತು.

“ಕರ್ಪೂರ ಕಣ್ರೀ!”

“ಅಲ್ವಾ? ನಂಗೂ ಹಾಗೇ ಅನ್ನಿಸಿತು. ನಮ್ಮಲ್ಲಿ ಮಯ್ಯತ್ತಿನ ಕೊನೆಯ ಸ್ನಾನದ ನೀರಿಗೆ ಹಾಕ್ತಾರೆ. ಈ ಪರಿಮಳ ಬಂದ್ರೆ ನನ್ಗೆ ಸಮಾಧಾನ ಇಲ್ಲ.”

ನಾವಿಬ್ಬರೂ ಮೂಗು ಅರಳಿಸುವುದನ್ನು ನೋಡಿ, ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಹಸೀಬಾ ಇಂಗ್ಲಿಷಿನಲ್ಲಿ ಹೇಳಿದರು: “ಅದು ಹಳೆಯ ಫಿಲ್ಮಿನ ವಾಸನೆ. ಆ ಕಾಲದಲ್ಲಿ ಫಿಲ್ಮ್ ತಯಾರಿಸುವಾಗ ಕರ್ಪೂರ ಬೆರೆಸುತ್ತಿದ್ದರು. ಅಪ್ಪನ ಅಂಗಿಗಳೆಲ್ಲ ಇದೇ ವಾಸನೆ. ನಾನು ಇನ್ನೂ ಒಗೆಯಲು ಹಾಕಿಲ್ಲ.”

ಕೊನೆಯ ಮಾತು ಹೇಳುವಾಗ ಅವರು ಬೇರೆ ಕಡೆ ನೋಡಿದರು. ಕುವೈತಿನ ರುಮೈಥಿಯಾದ ಈ ದೊಡ್ಡ ಮನೆಯಿಂದ, ಆರು ಸುರುಳಿಗಳ ಒಂದು ಹಳೆಯ ಮೂಕಿ ಚಿತ್ರದ ಕೊನೆಯ ಸುರುಳಿ ಕಾಣೆಯಾದಾಗಿನಿಂದ ಆಕೆ ಸರಿಯಾಗಿ ನಿದ್ದೆ ಮಾಡಿದಂತೆ ಕಾಣಲಿಲ್ಲ.

“ಕಪಾಟಿನ ಕೀಲಿ ಮೂವರ ಹತ್ತಿರ ಮಾತ್ರ ಇದೆ,” ಎಂದರು. “ನಾನು, ತಣ್ಣನೆ ಕಪಾಟು ನೋಡಿಕೊಳ್ಳುವ ಎಂಜಿನಿಯರ್, ಮನೆಗೆಲಸದ ಅಪೊಲೋನಿಯಾ. ತೆಗೆದವಳು ಅವಳೇ ಎಂದು ನನ್ನ ತಮ್ಮನ ವಾದ. ಇವತ್ತು ಸಂಜೆ ಊರಿಗೆ ಹೊರಟಿರುವವಳು ಅಪೊಲೋನಿಯಾ. ಮಧ್ಯಾಹ್ನದ ಮೇಲಿನ ಅಸರ್ ನಮಾಜ್ ಮುಗಿದ ಕೂಡಲೇ ಅವನು ಪೊಲೀಸ್ ಠಾಣೆಗೆ ಹೋಗುತ್ತಾನೆ. ಅಲ್ಲಿಯ ತನಕ ಅವನನ್ನು ತಡೆದಿದ್ದೇನೆ.”

“ನಿಮಗೆ ಅನುಮಾನ ಉಂಟಾ ಮೇಡಂ?” ಮಿಸ್ರಿಯಾ ಕೇಳಿದಳು.

“ಅಪ್ಪನ ಕೊನೆಯ ದಿನಗಳಲ್ಲಿ ಅವರಿಗೆ ತುತ್ತು ತಿನ್ನಿಸಿದವಳು ಅವಳು. ಅನುಮಾನ ಪಡಲು ನನಗೆ ಇಷ್ಟವಿಲ್ಲ. ಆದರೆ ಗೂಡು ಖಾಲಿ ಇದೆ.”

ಮಿಸ್ರಿಯಾಳನ್ನು ಗೊತ್ತಿಲ್ಲದವರಿಗೆ ಒಂದು ಮಾತು. ಉಳ್ಳಾಲದ ಹೆಂಗಸು, ಕುವೈತ್ ಸಿಟಿಯ ಒಂದು ವಿಮಾ ಕಂಪನಿಯಲ್ಲಿ ಕೆಲಸ. ಬೆಂಕಿ ಬಿತ್ತು, ಕಳವಾಯಿತು, ಒಡೆಯಿತು ಎಂದು ಬರುವವರ ಮಾತಿನಲ್ಲಿ ನಿಜವೆಷ್ಟು, ಬೂಸಿಯೆಷ್ಟು ಎಂದು ಬೇರ್ಪಡಿಸುವುದು ಅವಳ ಉದ್ಯೋಗ. ಈ ಚಿತ್ರ ವಿಯೆನ್ನಾದ ಸಂಗ್ರಹಾಲಯಕ್ಕೆ ಹೋಗುವುದಿತ್ತು, ಅದಕ್ಕೆ ವಿಮೆ ಮಾಡಿಸಲು ಕರೆದಾಗಲೇ ಡಬ್ಬಿ ಮಾಯ. ನಾನು ಬೃಂದಾ, ಎಕ್ಸ್‌ರೇ ಓದುವ ಡಾಕ್ಟರು. ನನ್ನನ್ನು ಅವಳು ಕರೆದುಕೊಂಡು ಬಂದದ್ದು ಬುದ್ಧಿಗಾಗಿ ಅಲ್ಲ, ನನ್ನ ಹಳೆಯ ಲೈಟ್‌ಬಾಕ್ಸಿಗಾಗಿ. ಈಗ ಎಲ್ಲ ಕಂಪ್ಯೂಟರಿನಲ್ಲೇ ನೋಡುವುದರಿಂದ ಅದು ನನ್ನ ಹಾಗೆಯೇ ಮೂಲೆ ಸೇರಿತ್ತು.

ಅಪೊಲೋನಿಯಾ ಬಾಯಿಯ (ಕೊಂಕಣಿಯವರು ಹಿರಿಯ ಹೆಂಗಸನ್ನು ಹೀಗೆ ಕರೆಯುವುದು) ಕೋಣೆ ಅಡುಗೆಮನೆಯ ಪಕ್ಕದಲ್ಲಿ. ಸೂಟ್‌ಕೇಸು ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ಅವರು ಮಾತ್ರ ಮಂಚದ ತುದಿಯಲ್ಲಿ ಕೂತು ಹೊಲಿಯುತ್ತಿದ್ದರು. ಪಕ್ಕದಲ್ಲಿ ಕೆಂಪು ರೇಷ್ಮೆಯ ತುಂಡುಗಳು. ನೂಲು ಬಿಡದಿರಲೆಂದು ಅಂಚುಗಳನ್ನೆಲ್ಲ ಹಲ್ಲುಹಲ್ಲಾಗಿ ಕತ್ತರಿಸಿದ್ದರು. ಅದಕ್ಕೆಂದೇ ಬರುವ ಝಿಗ್‌ಜಾಗ್ ಕತ್ತರಿ ದಿಂಬಿನ ಮೇಲಿತ್ತು.

“ಬಾಯಿ, ಎಂತ ಹೊಲಿಯೋದು?”

“ಮೊಮ್ಮಗಳ ರವಿಕೆ, ಮಗಾ. ನಾಡಿದ್ದು ಅವಳ ರೋಸ್.” ನನ್ನ ಮುಖ ನೋಡಿ, ಪಾಪ ಈ ಘಟ್ಟದ ಮೇಲಿನವಳಿಗೆ ಗೊತ್ತಿಲ್ಲ ಅನ್ನಿಸಿರಬೇಕು. “ಮದುವೆಗೆ ಮುಂಚೆ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸ್ತೇವೆ ಡಾಕ್ಟ್ರೇ. ಮೊದಲು ಅಮ್ಮ ಹಚ್ಚುದು. ಇವಳಿಗೆ ಅಮ್ಮ ಇಲ್ಲ. ನಾನೇ ಹಚ್ಬೇಕು.”

ಅವರ ಮಗಳು ತೀರಿಕೊಂಡದ್ದು ವಿಮಾನಗಳೆಲ್ಲ ನಿಂತುಹೋಗಿದ್ದ ಆ ಕೊರೋನಾದ ವರ್ಷ. ಕಿನ್ನಿಗೋಳಿಯಲ್ಲಿ ಮಣ್ಣಾಯಿತು, ಇಲ್ಲಿ ತಾಯಿ ಫೋನಿನಲ್ಲಿ ನೋಡಿದರು. ಇದನ್ನೆಲ್ಲ ಅವರು ಹೇಳಿದ್ದು ಸೂಜಿಗೆ ದಾರ ಪೋಣಿಸುತ್ತಾ. ದಾರ ಒಂದೇ ಸಲಕ್ಕೆ ಹೋಯಿತು. ನನ್ನ ಕಣ್ಣೇ ಮಂಜಾಯಿತು.

“ಪೊಲೀಸ್ ಕೇಸಾದ್ರೆ ನಿಮ್ಮನ್ನು ವಿಮಾನ ಹತ್ತಲಿಕ್ಕೆ ಬಿಡುದಿಲ್ಲ. ಗೊತ್ತುಂಟಲ್ಲ?” ಮಿಸ್ರಿಯಾ ಕೇಳಿದಳು.

“ಗೊತ್ತುಂಟು.”

“ಡಬ್ಬಿ ತೆಗೆದದ್ದು ಯಾರು ಬಾಯಿ?”

“ಡಬ್ಬಿ ನಾನು ಕೊಂಡುಹೋದದ್ದಲ್ಲ.” ಕೊರಳಿನ ಶಿಲುಬೆಯನ್ನು ಮುಟ್ಟಿದರು. “ಯಾರು ಕೊಂಡುಹೋದದ್ದೂಂತ ಸತ್ಯವಾಗಿಯೂ ಗೊತ್ತಿಲ್ಲ.”

ಮಿಸ್ರಿಯಾ ತಲೆಯಾಡಿಸಿದಳು. ಸುಳ್ಳು ಹೇಳುವವರನ್ನು ನೋಡಿ ನೋಡಿ ಸವೆದ ಕಣ್ಣು ಅವಳದು. ಆ ಕಣ್ಣು ನಂಬಿತು. ನಾನಂತೂ ಕೇಳುವ ಮೊದಲೇ ನಂಬಿದ್ದೆ.

“ಆ ಚಿತ್ರ ನೋಡಿದ್ದೀರಾ ಆಂಟಿ?” ಎಂದೆ ನಾನು.

ಅವರ ಮುಖಕ್ಕೆ ಮೊದಲ ಬಾರಿ ಕಳೆ ಬಂತು. ಇಲ್ಲಿ ಮನೆಗೆಲಸದವರು ಯಜಮಾನರನ್ನು ಬಾಬಾ, ಯಜಮಾನಿಯನ್ನು ಮಾಮಾ ಅನ್ನುವುದು. “ನೋಡ್ಲಿಕ್ಕಿಲ್ವಾ? ಬಾಬಾನ ಕೈ ನಡುಗ್ತಿತ್ತು. ಕೈಯಲ್ಲಿ ತಿರುಗಿಸಿ ನೋಡುವ ಒಂದು ಪೆಟ್ಟಿಗೆ ಉಂಟಲ್ಲ, ಅದರ ಹಿಡಿ ನಾನೇ ತಿರುಗಿಸುದು. ಸಾಯಂಕಾಲ ಪ್ರಾರ್ಥನೆ ಆದ ಮೇಲೆ ಅವರು ಆ ಕಡೆ, ನಾನು ಈ ಕಡೆ. ಮಾತಿಲ್ಲ ಕತೆಯಿಲ್ಲ. ಅದರಲ್ಲಿಯೂ ಮಾತಿಲ್ಲ.”

ಚಿತ್ರದ ಹೆಸರು ‘ದೀಪವಿಟ್ಟ ಕಿಟಕಿ’. ಮೊದಲ ಮಹಾಯುದ್ಧ ಮುಗಿದ ಮೇಲೆ ವಿಯೆನ್ನಾದಲ್ಲಿ ತೆಗೆದದ್ದು. ಯುದ್ಧಕ್ಕೆ ಹೋದ ಗಂಡ ಬರಲಿಲ್ಲ. ಹೆಂಡತಿ ದಿನಾ ಸಂಜೆ ಕಿಟಕಿಯಲ್ಲಿ ದೀಪವಿಟ್ಟು ಕಾಯುತ್ತಾಳೆ. ಇಷ್ಟೇ ಕಥೆ. ಬರಹದ ಫಲಕಗಳಿಲ್ಲ. ಅಷ್ಟೇ ಅಲ್ಲ, ಇಡೀ ಚಿತ್ರದಲ್ಲಿ ಆ ಹೆಂಗಸಿನ ಮುಖವೇ ಕಾಣುವುದಿಲ್ಲ. ಬೆನ್ನು ಕಾಣುತ್ತದೆ, ಕೈ ಕಾಣುತ್ತದೆ, ಗಾಜಿನಲ್ಲಿ ಮಸುಕು ನೆರಳು ಕಾಣುತ್ತದೆ. ಕೊನೆಯ ಸುರುಳಿಯ ಕೊನೆಯಲ್ಲಿ ಬಾಗಿಲು ತಟ್ಟಿದ ಹಾಗಾಗಿ ಅವಳು ತಿರುಗುತ್ತಾಳೆ. ಆಗ ಒಮ್ಮೆ ಮಾತ್ರ ಮುಖ. ವಿಯೆನ್ನಾದಲ್ಲಿ ಉಳಿದಿರುವ ಪ್ರತಿಯಲ್ಲಿ ಆ ಸುರುಳಿ ಇಲ್ಲ. ಅವಳು ಅಳುತ್ತಾಳೋ ನಗುತ್ತಾಳೋ ಎಂದು ನೂರು ವರ್ಷದಿಂದ ಪಂಡಿತರು ಜಗಳವಾಡುತ್ತಿದ್ದಾರಂತೆ. ಆ ಚಿತ್ರ ನೋಡಿ ಎಷ್ಟೋ ದೇಶಗಳ ಕ್ಯಾಮೆರಾದವರು ಬೆನ್ನಿನಿಂದ ಕಥೆ ಹೇಳುವುದನ್ನು ಕಲಿತರಂತೆ. ವಿಯೆನ್ನಾಕ್ಕೆ ಓದಲು ಹೋಗಿದ್ದ ಯೌವನದಲ್ಲಿ, ಮುಚ್ಚುತ್ತಿದ್ದ ಒಂದು ಟಾಕೀಸಿನಿಂದ ಆರೂ ಸುರುಳಿ ತಂದವರು ಈ ಮನೆಯ ಯಜಮಾನರು. ಹೀಗಾಗಿ ಆ ಮುಖ ಇದ್ದದ್ದು ಇಡೀ ಜಗತ್ತಿಗೆ ಇದೊಂದೇ ಕಪಾಟಿನಲ್ಲಿ.

“ಅಳ್ತಾಳಾ, ನಗ್ತಾಳಾ?” ತಡೆಯಲಾರದೆ ಕೇಳಿದೆ.

“ಅದು ಬಾಯಲ್ಲಿ ಹೇಳುವ ವಿಷಯ ಅಲ್ಲ ಡಾಕ್ಟ್ರೇ.” ಕೆಂಪು ರೇಷ್ಮೆಯನ್ನು ಮಡಿಲಲ್ಲಿ ಸವರಿದರು. “ನನ್ನ ಮಗಳು ಇರುವಾಗ ಕೊನೆಯ ಸಲ ನಾನು ರಜೆ ಮುಗಿಸಿ ಬರುವಾಗ ಅವಳು ಬಾಗಿಲಲ್ಲಿ ನಿಂತು ಹಾಗೆಯೇ ತಿರುಗಿ ನೋಡಿದ್ದು. ಅದೇ ಹಣೆ, ಅದೇ ಕಣ್ಣು. ಬಾಬಾನಿಗೆ ಹೇಳಿದೆ. ಅವರು ನಗಾಡಲಿಲ್ಲ. ಮತ್ತೊಮ್ಮೆ ತಿರುಗಿಸು ಅಂದ್ರು.”

ಹೊರಡುವ ಮುಂಚೆ ಐದನೆಯ ಸುರುಳಿಯ ತುದಿಯನ್ನು ಲೈಟ್‌ಬಾಕ್ಸಿನ ಮೇಲೆ ಹಾಸಿ ನೋಡಿದೆವು. ಆ ಕಾಲದಲ್ಲಿ ಕಪ್ಪುಬಿಳುಪು ಫಿಲ್ಮನ್ನು ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರಂತೆ. ಮನೆಯ ಒಳಗೆ ಜೇನಿನ ಬಣ್ಣ, ಹೊರಗಿನ ರಾತ್ರಿಗೆ ನೀಲಿ. ಒಂದು ಕೈ ಎರಡು ತಟ್ಟೆ ತಂದಿಡುತ್ತದೆ. ಸ್ವಲ್ಪ ತಡೆದು ಒಂದು ತಟ್ಟೆಯನ್ನು ವಾಪಸು ಒಯ್ಯುತ್ತದೆ. ಅಷ್ಟೇ ದೃಶ್ಯ. ಮುಖ ಕಾಣದ ಮನುಷ್ಯರ ನೋವು ಎಲ್ಲಿದೆ ಎಂದು ಹುಡುಕುವುದೇ ನನ್ನ ಕೆಲಸ. ಆದರೂ ಆ ಬೆರಳುಗಳ ಮುಂದೆ ನಾನು ಏನೂ ತೋಚದೆ ಕೂತೆ. ಒಂದೇ ಒಂದು ಮಾತಿಲ್ಲದೆ ಇಷ್ಟು ಹೇಳಿದವನು ಯಾರೋ, ಅವನ ಕೈಗೆ ನಮಸ್ಕಾರ ಅನ್ನಿಸಿತು.

“ಕೂತದ್ದು ಸಾಕು, ಯಲ್ಲಾ,” ಮಿಸ್ರಿಯಾ ಎಬ್ಬಿಸಿದಳು. “ಎಂಜಿನಿಯರನ ಮನೆಗೆ ಹೋಗುವ. ನಾಸ್ಟದ ಹೊತ್ತು.”

ಮಿಸ್ರಿಯಾಳ ಡ್ರೈವಿಂಗ್ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಎಂಜಿನಿಯರನ ಮನೆಯಿರುವ ಬ್ನೇದ್ ಅಲ್ ಗಾರ್ ತಲುಪಿದೆವು, ಬದುಕಿದ್ದೆವು, ಅಷ್ಟು ಸಾಕು. ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: “ಹಸೀಬಾ ಮೇಡಂ ತೆಗೀಲಿಕ್ಕಿಲ್ಲ. ಅಪ್ಪನ ಅಂಗಿ ಒಗೆಸದವರು ಅಪ್ಪನ ಸಿನಿಮಾ ಕದೀತಾರಾ? ಉಳಿದದ್ದು ಇಬ್ಬರು.”

ಎಂಜಿನಿಯರ್ ಮಧುಸೂದನ್ ನಮಗೆಲ್ಲ ಗೊತ್ತಿರುವ ಮನುಷ್ಯ. ಎಸಿ, ಕೋಲ್ಡ್ ಸ್ಟೋರೇಜುಗಳ ಕೆಲಸ, ಸಿನಿಮಾ ಹುಚ್ಚು. ಕುವೈತಿನ ಕನ್ನಡಿಗರಿಗೆ ಹಳೆಯ ಚಿತ್ರಗಳನ್ನು ತೋರಿಸಿ, ಮುಗಿದ ಮೇಲೆ ಒಂದು ಗಂಟೆ ಭಾಷಣ ಕೊರೆದು, ಅರ್ಧ ಜನರನ್ನು ಓಡಿಸುತ್ತಿದ್ದ ಪುಣ್ಯಾತ್ಮ.

“ಬನ್ನಿ ಬನ್ನಿ ಡಾಕ್ಟ್ರೇ! ಒಳ್ಳೇ ಟೈಮಿಗೆ ಬಂದ್ರಿ. ಪಾವನಾ, ಇನ್ನೆರಡು ತಟ್ಟೆ ಹಾಕು.”

ಮಿಸ್ರಿಯಾ ಕೂತ ಕೂಡಲೇ ಶುರು ಮಾಡಿದಳು. “ಕೊನೆಗೆ ಕಪಾಟು ತೆರೆದದ್ದು ಯಾವಾಗ ಸಾರ್?”

“ಹೋದ ವಾರ. ಕಂಪ್ರೆಸರ್ ಸದ್ದು ಮಾಡ್ತಿತ್ತು, ನೋಡಕ್ಕೆ ಹೋಗಿದ್ದೆ.”

“ಆರನೇ ಡಬ್ಬಿ ಇತ್ತಾ?”

“ಇತ್ತು ಅನ್ಸುತ್ತೆ.”

“ಅನ್ಸುತ್ತಾ?”

“ಅಂದ್ರೆ, ನಾನು ಮೆಷಿನ್ ನೋಡ್ತೀನಿ. ಡಬ್ಬಿ ಎಣಿಸಲ್ಲ ಕಣಮ್ಮ.”

ಇದೇ ಮನುಷ್ಯ ಆ ಚಿತ್ರದ ಬಗ್ಗೆ ನಮಗೆಲ್ಲ ಎರಡು ಸಲ ಭಾಷಣ ಮಾಡಿದ್ದಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಪಾವನಾ ದೋಸೆ ತಂದಳು. ಗರಿಗರಿ ದೋಸೆ ಎದುರಿಗಿದ್ದರೆ ನನಗೆ ಯಾವ ಅನುಮಾನವೂ ನೆನಪಿರುವುದಿಲ್ಲ. ಚಟ್ನಿ ಅದ್ದಿ ಬಾಯಿಗಿಟ್ಟೆ. ಬಾಯಿ ಅಲ್ಲೇ ನಿಂತಿತು.

ತೆಂಗಿನಕಾಯಿ ಚಟ್ನಿಯೊಳಗೆ ಮಂಗಳಾರತಿ.

“ಪಾವನಾ, ಚಟ್ನಿಗೆ ಏನು ಹಾಕಿದ್ದೀ?”

“ಅಯ್ಯೋ, ನಿಮ್ಗೂ ಬಂತಾ? ನಾನು ಹೇಳಿದ್ರೆ ಇವರು…”

“ನಾನೇ ಡಾಕ್ಟ್ರೇ,” ಮಧುಸೂದನ್ ನಡುವೆ ನುಗ್ಗಿದರು. “ಬೆಳಿಗ್ಗೆ ಪೂಜೆಗೆ ಕರ್ಪೂರ ಹಚ್ಚಿದ್ನಾ, ಅದೇ ಕೈಲಿ ತೆಂಗಿನ ತುರಿ ಡಬ್ಬಿ ಮುಟ್ಬಿಟ್ಟೆ.”

ಬೇರೆ ಯಾರೇ ಹೇಳಿದ್ದರೂ ನಾನು ನುಂಗಿಕೊಂಡು ಇನ್ನೊಂದು ದೋಸೆ ಕೇಳುತ್ತಿದ್ದೆ. ನಮ್ಮವರ ಮನೆಯಲ್ಲಿ ಕರ್ಪೂರದ ವಾಸನೆ ಬಂದರೆ ಯಾರು ಕಾರಣ ಕೇಳುತ್ತಾರೆ? ಆದರೆ ಇದೇ ಮನುಷ್ಯ, ಇದೇ ಮನೆಯಲ್ಲಿ, ಒಂದು ವರಮಹಾಲಕ್ಷ್ಮಿ ಹಬ್ಬದ ದಿನ ದೊಡ್ಡದಾಗಿ ಕರ್ಪೂರದಾರತಿ ಎತ್ತಿದ್ದರಿಂದ ಹೊಗೆಯ ಅಲಾರಂ ಹೊಡೆದುಕೊಂಡು, ಇಡೀ ಬಿಲ್ಡಿಂಗಿನ ಜನ ಆಗಸ್ಟಿನ ಬಿಸಿಲಿಗೆ ಬೀದಿಗಿಳಿದಿದ್ದರು. ರೇಷ್ಮೆ ಸೀರೆಯುಟ್ಟು ಅಗ್ನಿಶಾಮಕದವರ ಎದುರು ನಿಂತವರಲ್ಲಿ ನಾನೂ ಒಬ್ಬಳು. ಇನ್ನು ಯಾರೂ ಮನೆಯಲ್ಲಿ ಕರ್ಪೂರ ಹಚ್ಚಬಾರದೆಂದು ನಮಗೆಲ್ಲ ವಾಟ್ಸಾಪ್ ಮಾಡಿದ್ದೂ ಇವರೇ.

ನಾನು ಹೇಳಬೇಕಾಗಲಿಲ್ಲ. ಪಾವನಾ ಕೈಯಲ್ಲಿ ಸಟ್ಟುಗ ಹಿಡಿದೇ ನಿಂತಿದ್ದಳು.

“ಕರ್ಪೂರಾನಾ? ನಮ್ಮನೇಲಿ ಕರ್ಪೂರ ಎಲ್ಲಿದೇರೀ? ನೀವು ಆರತಿ ಮಾಡೋದು ಸೆಲ್ಲಿನ ದೀಪದಲ್ಲಿ!”

ಮಿಸ್ರಿಯಾ ದೋಸೆಯ ತುಂಡನ್ನು ತಟ್ಟೆಗೆ ವಾಪಸು ಇಟ್ಟಳು.

“ಪಾವನಾ ಅಕ್ಕ, ತೆಂಗಿನ ತುರಿ ಎಲ್ಲಿ ಇಡ್ತೀರಿ?”

“ಎಲ್ಲರ ಹಾಗೇ. ಒಂದು ವಾರದ್ದು ಒಟ್ಟಿಗೆ ತುರಿದು ಫ್ರೀಜರಲ್ಲಿ. ಈ ವಾರ ಏನು ಮಾಡಿದ್ರೂ ಇದೇ ವಾಸನೆ. ಪಲ್ಯ, ಹುಳಿ, ಎಲ್ಲ! ನಿನ್ನ ಮೂಗೇ ಕೆಟ್ಟಿದೆ ಅಂತಾರೆ ಇವರು.”

ಮಿಸ್ರಿಯಾ ಅಡುಗೆಮನೆಗೆ ನಡೆದಳು. ಮಧುಸೂದನ್ ಎದ್ದರು, ಮತ್ತೆ ಕೂತರು. ಫ್ರೀಜರಿನ ಕೆಳಗಿನ ಡ್ರಾಯರು ಎಳೆದ ಸದ್ದು ಕೇಳಿತು. ತೆಂಗಿನ ತುರಿಯ ಡಬ್ಬಿಗಳು, ಪೇಪರಿನಲ್ಲಿ ಸುತ್ತಿದ ಕರಿಬೇವು, ಅವುಗಳ ಅಡಿಯಲ್ಲಿ ಒಂದು ಟವೆಲ್ಲು. ಟವೆಲ್ಲಿನೊಳಗೆ ತಗಡಿನ ಡಬ್ಬಿ.

“ನಾನು ಕದ್ದಿಲ್ಲ,” ಮಧುಸೂದನ್ ಹೇಳಿದರು. “ಉಳಿಸಿದೆ.”

“ಹೇಳಿ.”

“ಆ ಕಪಾಟು ಕೆಟ್ಟುಹೋಗಿದೆ. ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಈ ಬಿಸಿಲಿಗೆ ಅಂಥ ಫಿಲ್ಮು ಬೆಲ್ಲದ ಪಾಕ ಆಗ್ಬಿಡುತ್ತೆ, ಇಲ್ಲಾ ಬೆಂಕಿ ಹತ್ತುತ್ತೆ. ಅವರ ತಮ್ಮನಿಗೆ ಹೇಳ್ದೆ. ಹೇಗೂ ವಿಯೆನ್ನಾಗೆ ಹೋಗೋದು, ಈಗ್ಯಾಕೆ ರಿಪೇರಿ ಅಂದ್ರು. ಮೊದಲ ಐದು ಸುರುಳಿ ವಿಯೆನ್ನಾದಲ್ಲೂ ಇವೆ. ಇದು ಇನ್ನೆಲ್ಲೂ ಇಲ್ಲ ಕಣಮ್ಮ. ಇದು ಹೋದ್ರೆ ಆ ಮುಖ ಹೋಯ್ತು. ನನ್ಗೆ ತಡೆಯಕ್ಕಾಗ್ಲಿಲ್ಲ.”

ನಿಜ ಹೇಳುತ್ತೇನೆ, ನನಗೆ ಆ ಮನುಷ್ಯನ ಮೇಲೆ ಕೋಪ ಬರಲಿಲ್ಲ. ಎರಡು ತಟ್ಟೆ ಇಟ್ಟು ಒಂದನ್ನು ವಾಪಸು ಒಯ್ದ ಕೈಯನ್ನು ಈಗಷ್ಟೇ ನೋಡಿ ಬಂದಿದ್ದೆ. ಆದರೆ ಮಿಸ್ರಿಯಾ ಅಷ್ಟು ಸುಲಭದವಳಲ್ಲ.

“ಸಿನಿಮಾದ ಹೆಂಗಸಿನ ಮುಖ ಉಳಿಸಿದ್ರಿ. ಒಳ್ಳೇದಾಯ್ತು. ಅಪೊಲೋನಿಯಾ ಬಾಯಿಯ ಮುಖ ಯಾರು ಉಳಿಸ್ತಾರೆ?”

“ಅವರ ಮೇಲೆ ಹೋಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ.”

“ಹೋದ ಮೇಲೆ ಬಾಯಿ ಬಿಡಬಹುದಿತ್ತಲ್ಲ ಮಾರಾಯ್ರೆ?”

“ಕಳ್ಳ ಅಂದ್ರೆ ನನ್ನ ಇಕಾಮಾ, ಇಲ್ಲಿರೋ ಪರ್ಮಿಟ್ಟು, ಖಲಾಸ್. ಮಕ್ಕಳ ಸ್ಕೂಲು, ಈ ಮನೆ, ಎಲ್ಲ. ವಿಯೆನ್ನಾದವರು ಬಂದಾಗ ಅವರ ಕೈಗೇ ಕೊಟ್ಬಿಡೋಣ ಅಂತ ಇದ್ದೆ.”

“ಅವರು ಬರುವಷ್ಟರಲ್ಲಿ ಮೊಮ್ಮಗಳ ರೋಸ್ ಮುಗಿದಿರ್ತದೆ. ಅಮ್ಮ ಇಲ್ಲದ ಹುಡುಗಿ. ಅಜ್ಜಿ ಇಲ್ಲಿ ಲಾಕಪ್ಪಲ್ಲಿ.”

ಪಾವನಾ ಗಂಡನ ಎದುರಿನ ತಟ್ಟೆಯನ್ನು ತೆಗೆದುಕೊಂಡಳು. “ಪ್ರತಿ ಕ್ರಿಸ್‌ಮಸ್ಸಿಗೂ ಅವರು ಕಳಿಸಿದ ಕುಸ್ವಾರ್ ತಿಂಡಿ ತಿಂದಿದ್ದೀರಿ ನೀವು,” ಎಂದಳು. ಅಷ್ಟೇ. ಮಿಸ್ರಿಯಾಳ ಎಲ್ಲ ಪ್ರಶ್ನೆಗಳಿಗಿಂತ ಅದು ಜೋರಾಗಿ ತಾಗಿತು. ಮಧುಸೂದನ್ ಕಣ್ಣೊರೆಸಿಕೊಂಡು ಕೈ ಚಾಚಿದರು.

“ಫೋನ್ ಕೊಡಮ್ಮ. ಹಸೀಬಾ ಅವರಿಗೆ ನಾನೇ ಹೇಳ್ತೀನಿ.”

ಹೇಳಿದರು. ತಡವರಿಸುತ್ತಾ, ಒಂದನ್ನೂ ಮುಚ್ಚಿಡದೆ. ಆ ಕಡೆ ಹಸೀಬಾ ಅಳುವುದು ನಮಗೂ ಕೇಳಿತು. ಕಪಾಟು ಕೆಟ್ಟ ವಿಷಯ ತಮ್ಮ ತನಗೆ ಹೇಳಿಯೇ ಇರಲಿಲ್ಲ ಎಂದರು. ಠಾಣೆಗೆ ಯಾರೂ ಹೋಗುವುದಿಲ್ಲ, ಎಂಜಿನಿಯರ ಜೊತೆ ತಾನು ಆಮೇಲೆ ಮಾತಾಡುತ್ತೇನೆ, ಮೊದಲು ಅಪೊಲೋನಿಯಾಳ ಕೈ ಹಿಡಿದು ಕ್ಷಮೆ ಕೇಳಬೇಕು ಎಂದರು.

ಮಿಸ್ರಿಯಾ ಫೋನು ತೆಗೆದುಕೊಂಡಳು. “ಮೇಡಂ, ನಿಮ್ಮ ಅಪ್ಪನ ಯಾವ ವಸ್ತುವಿನ ಮೇಲೂ ಅಪೊಲೋನಿಯಾ ಬಾಯಿ ಕೈ ಹಾಕಿಲ್ಲ. ಇದು ನನ್ನ ಮಾತು. ನನ್ನ ಕಂಪನಿಗೂ ಹಾಗೆಯೇ ಬರೆದು ಕೊಡ್ತೇನೆ.”

ಅವಳು ಯಾರ ಪರವಾಗಿಯೂ ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹೆಮ್ಮೆಯಾಯಿತು. ಧೈರ್ಯವಾಗಿ ಇನ್ನೆರಡು ದೋಸೆ ತಿಂದೆ, ಚಟ್ನಿ ಬಿಟ್ಟು.

ಫ್ರೀಜರಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆಯಬಾರದಂತೆ. ಫಿಲ್ಮು ಬೆವರುತ್ತದಂತೆ. ಈ ಭಯಕ್ಕೇ ಮಧುಸೂದನ್ ಅದನ್ನು ತಂದಾಗಿನಿಂದ ಒಮ್ಮೆಯೂ ತೆರೆದಿರಲಿಲ್ಲ. ಡಬ್ಬಿ ಊಟದ ಮೇಜಿನ ಮೇಲೆ ಟವೆಲ್ಲು ಸುತ್ತಿಕೊಂಡು ಕೂತಿತು, ನಾವು ಸುತ್ತ ಕೂತೆವು. ಜುಮ್ಮಾ ನಮಾಜಿನ ಕರೆ ಬಂದು ಹೋಯಿತು. ಅಪೊಲೋನಿಯಾ ಬಾಯಿಯನ್ನು ಸ್ವತಃ ಹಸೀಬಾ ಏರ್‌ಪೋರ್ಟಿಗೆ ಬಿಟ್ಟುಬಂದ ಸುದ್ದಿಯೂ ಬಂತು. ಮಿಸ್ರಿಯಾ ಗಟ್ಟಿಯಾಗಿ ನಕ್ಕು, “ಇನ್ನು ಆ ಬಾಯಿ ತೆಂಗಿನ ಹಾಲು ಹಚ್ಚಿದ ಹಾಗೇ,” ಎಂದಳು.

ಕೊನೆಗೂ ಮಧುಸೂದನ್ ಬಿಳಿ ಕೈಗವಸು ತೊಟ್ಟು ಮುಚ್ಚಳ ತೆಗೆದರು.

“ಡಾಕ್ಟ್ರೇ, ಅದೃಷ್ಟ ನಿಮ್ದು. ಕೊನೆಯ ಸಲ ನೋಡಿದ ಮೇಲೆ ಯಾರೂ ಹಿಂದಕ್ಕೆ ಸುತ್ತಿಲ್ಲ. ಚಿತ್ರದ ಕೊನೆಯೇ ಹೊರಗಡೆ ಇದೆ. ಮೊದಲು ಕಾಣೋದೇ ಆ ಮುಖ! ನೀವು ಹಾಸಿ. ಫಿಲ್ಮು ಹಾಸೋದು ನಿಮ್ಗೇ ಅಭ್ಯಾಸ.”

ಅಷ್ಟರಲ್ಲಿ ಮಿಸ್ರಿಯಾಳಿಗೆ ಆಫೀಸಿನಿಂದ ಕರೆ ಬಂತು, ಬಾಲ್ಕನಿಗೆ ಹೋದಳು. ಪಾವನಾ ಒಳಗಿನಿಂದ ಕೂಗಿದ್ದಕ್ಕೆ ಮಧುಸೂದನ್ ಎದ್ದು ಹೋದರು. ಈವತ್ತು ಹೆಂಡತಿ ಕರೆದ ಕೂಡಲೇ ಹೋಗದಿದ್ದ ಪಕ್ಷದಲ್ಲಿ ಉಳಿಗಾಲವಿರಲಿಲ್ಲ. ಮೇಜಿನ ಬಳಿ ಉಳಿದದ್ದು ನಾನು, ಲೈಟ್‌ಬಾಕ್ಸು, ನೂರು ವರ್ಷದ ಜಗಳ.

ಸ್ವಿಚ್ ಒತ್ತಿದೆ. ಸುರುಳಿಯ ಹೊರ ತುದಿಯನ್ನು ಬಿಟ್ಟು ಸ್ವಲ್ಪ ಒಳಗಿನಿಂದ ನೋಡುತ್ತಾ ಬಂದೆ. ಒಮ್ಮೆಲೇ ಮುಖಕ್ಕೆ ಹಾರಲು ಮನಸ್ಸಾಗಲಿಲ್ಲ. ಜೇನು ಬಣ್ಣದ ಕೋಣೆ. ನೀಲಿ ಕಿಟಕಿ. ದೀಪ. ಅವಳ ಬೆನ್ನು, ಜಡೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟೇ ಬದಲಾವಣೆ. ಭುಜ ಚೂರು ಅಲುಗಿತು. ಬಾಗಿಲು ತಟ್ಟಿರಬೇಕು. ದೀಪದ ಮೇಲಿದ್ದ ಕೈ ನಿಂತಿತು. ತಲೆ ತಿರುಗತೊಡಗಿತು. ಕಿವಿ. ಕಿವಿಯ ಹಿಂದಿನ ಕೂದಲು. ಕೆನ್ನೆಯ ಅಂಚಿನ ಬೆಳಕು.

ಅಷ್ಟೇ.

ಫಿಲ್ಮು ಅಲ್ಲಿಗೆ ಮುಗಿದಿತ್ತು. ಹರಿದದ್ದಲ್ಲ, ಹಳತಾಗಿ ಮುರಿದದ್ದೂ ಅಲ್ಲ. ಕತ್ತರಿಸಿದ್ದು. ಲೈಟ್‌ಬಾಕ್ಸಿನ ಬಿಳಿ ಬೆಳಕಿನಲ್ಲಿ ಆ ಅಂಚು ಸ್ಪಷ್ಟವಾಗಿ ಕಂಡಿತು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಲ್ಲು, ಒಂದೇ ಅಳತೆಯವು. ಆ ಹಲ್ಲುಗಳನ್ನು ನಾನು ಬೆಳಿಗ್ಗೆಯಷ್ಟೇ ಕೆಂಪು ರೇಷ್ಮೆಯ ಮೇಲೆ ನೋಡಿದ್ದೆ.

ದೇವರೇ, ಇದನ್ನು ನಾನು ನೋಡಬಾರದಿತ್ತು ಅನ್ನಿಸಿತು.

ಆಗಲೇ ಫೋನು ಮಿಡಿಯಿತು. ಅಪೊಲೋನಿಯಾ ಬಾಯಿಯ ಧ್ವನಿ ಸಂದೇಶ. ಬೆಳಿಗ್ಗೆ ನಂಬರು ಕೊಟ್ಟವಳು ನಾನೇ, ಊರಿಗೆ ತಲುಪಿದ್ದು ತಿಳಿಸಿ ಎಂದು. ಕಿವಿಗೆ ಒತ್ತಿ ಹಿಡಿದೆ. ಹಿನ್ನೆಲೆಯಲ್ಲಿ ವಿಮಾನಗಳ ಹೆಸರು ಕೂಗುತ್ತಿದ್ದರು.

“ಡಾಕ್ಟ್ರೇ, ಒಳಗೆ ಬಂದಾಯ್ತು. ಡಬ್ಬಿ ಸಿಕ್ಕಿತಂತೆ, ಹಸೀಬಾ ಮಾಮಾ ನನ್ನ ಕೈ ಹಿಡಿದು ಅತ್ತರು. ನನ್ಗೆ ತಡೀಲಿಕ್ಕೆ ಆಗ್ಲಿಲ್ಲ. ನೀವು ಕೇಳಿದ್ದು ಡಬ್ಬಿ ಯಾರು ತೆಗೆದದ್ದೂಂತ. ಅದಕ್ಕೆ ನಾನು ಸುಳ್ಳು ಹೇಳ್ಲಿಲ್ಲ. ಬಾಬಾ ಹೋದ ದಿನ ಒಂದು ತುಂಡು… ಅದು ಬೇರೆ ಎಲ್ಲಿಯೂ ಇಲ್ಲದ್ದು ಅಂತ ನನ್ಗೆ ಯಾರೂ ಹೇಳಿರ್ಲಿಲ್ಲ. ಇವತ್ತು ಮಾಮಾನೇ ಕಾರಲ್ಲಿ ಹೇಳಿದ್ದು. ರವಿಕೆಯ ಮಡಿಕೆಯಲ್ಲಿ ಉಂಟು. ಹುಡುಗಿಗೆ ಅವಳ ಅಮ್ಮನ ಮುಖ ತೋರಿಸುವಾಂತ. ನೀವು ದೊಡ್ಡವರು. ತಿರುಗಿ ಬನ್ನಿ ಅಂದ್ರೆ ಬರ್ತೇನೆ, ಇನ್ನೂ ಗೇಟಿನ ಹತ್ರವೇ ಕೂತಿದ್ದೇನೆ. ಒಂದು ಮಾತು ಹೇಳಿ ಡಾಕ್ಟ್ರೇ.”

ಬಾಲ್ಕನಿಯ ಬಾಗಿಲು ಸರಿಯಿತು. ಮಿಸ್ರಿಯಾ ಒಳಗೆ ಬಂದಳು. ಮುಖದ ತುಂಬ ನಗು.

“ಆಫೀಸಿಗೂ ಹೇಳಿ ಆಯ್ತು, ಬಾಯಿಗೆ ನಾನು ಜವಾಬ್ದಾರಿ ಅಂತ. ಎಂತ ಡಾಕ್ಟ್ರೇ, ಸಿಕ್ಕಿತಾ ಮುಖ? ಅಳ್ತಾಳಾ, ನಗ್ತಾಳಾ?”

ನನ್ನ ಒಂದು ಕೈಯಲ್ಲಿ ಫೋನಿತ್ತು. ಇನ್ನೊಂದು ಕೈಯನ್ನು, ಗೊತ್ತಿಲ್ಲದೆಯೇ, ಆ ಹಲ್ಲುಹಲ್ಲಿನ ಅಂಚಿನ ಮೇಲೆ ಮುಚ್ಚಿಟ್ಟಿದ್ದೆ.